ನೆಕ್ಕರ್ ತೀರದ ಟ್ಯೂಬಿಂಗನ್ ನಗರ: ಕನ್ನಡಿಗರ ಕಿರುಯಾತ್ರೆಗೊಂದು ಪೀಠಿಕೆ

ಈಚಿನ ವರ್ಷಗಳಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದರ ಪೂರ್ವಕ್ಕೆ ಹಬ್ಬಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿಯೂ ವಾಸಿಸುವ ವಿದ್ಯಾವಂತ ಕುಟುಂಬಗಳಲ್ಲಿ, ಬೇಸಗೆಯ ರಜೆಗೆ ಯೂರೋಪು ಖಂಡವನ್ನು ನೋಡಿಬರುವ ರೂಢಿಯು ಬೆಳೆದಿರುವುದು ಸರ್ವವಿದಿತವಾದ ಸಂಗತಿ. ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿರುವರು. ಇಲ್ಲವೆ ಪ್ರವಾಸದ ಏರ್ಪಾಡು ಮಾಡುವವರು ಹತ್ತು ದಿನಗಳಲ್ಲಿ ಆರು ದೇಶಗಳನ್ನು ತೋರಿಸುವೆವೆಂದು ಮಾತು ಕೊಡುವರು. ಹೋದವರು ಬೆಳಗ್ಗೆ ಒಂದು ಗೋಪುರವನ್ನೂ ಮಧ್ಯಾಹ್ನ ಒಂದು ಸೇತುವೆಯನ್ನೂ ಸಂಜೆ ಒಂದು ಅರಮನೆಯನ್ನೂ ಕಂಡು, ನೂರಾರು ಛಾಯಾಚಿತ್ರಗಳೊಡನೆ ಮನೆಗೆ ಮರಳುವರು. ತಿಂಗಳೊಂದು ಕಳೆದ ಮೇಲೆ ಯಾವ ಸೇತುವೆ ಯಾವ ಊರಿನದೆಂದು ಕೇಳಿದರೆ ಚಿತ್ರವನ್ನು ನೋಡಿದರೂ ಉತ್ತರ ಹೊಳೆಯುವುದಿಲ್ಲ. ಕಣ್ಣು ಕಂಡದ್ದನ್ನು ಮನಸ್ಸು ಇಟ್ಟುಕೊಳ್ಳಬೇಕಾದರೆ, ಕಾಣುವ ವಸ್ತುವಿಗೂ ಕಾಣುವವನಿಗೂ ಮೊದಲೇ ಏನಾದರೊಂದು ಸಂಬಂಧವಿರಬೇಕು. ಆ ಸಂಬಂಧವನ್ನು ಹೊರಡುವುದಕ್ಕೆ ಮುನ್ನ ಮನೆಯಲ್ಲಿಯೇ ಕಂಡುಕೊಳ್ಳಬೇಕಾಗುವುದು.

ಇಂತಹ ಸಂಬಂಧವೊಂದು ದಂಡಿನ ನಿವಾಸಿಗಳ ಕಣ್ಣೆದುರಿಗೇ ಇದೆ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲಿನ ಬಳಿ ಯೂರೋಪಿಯನ್ ಪುರುಷನೊಬ್ಬನ ಪ್ರತಿಮೆಯು ನಿಂತಿದೆ. ಅದು ಗವರ್ನರನದಲ್ಲ, ಸೇನಾಪತಿಯದೂ ಅಲ್ಲ. ಕನ್ನಡ ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನಂಡ್ ಕಿಟ್ಟೆಲರದು. ದಿನವೂ ಸಾವಿರಾರು ಜನರು ಅದರ ಪಕ್ಕದಲ್ಲಿಯೇ ಹಾದುಹೋಗುವರು. ಅವರಲ್ಲಿ ಯೂರೋಪಿಗೆ ಹೊರಟವರು ಪ್ಯಾರಿಸ್, ವೆನಿಸ್, ಪ್ರಾಗ್ ನಗರಗಳ ಹೆಸರನ್ನು ಹೇಳುವರೇ ಹೊರತು, ಆ ಪ್ರತಿಮೆಯ ಮಹನೀಯರು ಕೊನೆಯುಸಿರೆಳೆದ ಊರಿನ ಹೆಸರನ್ನು ಹೇಳುವವರು ವಿರಳ. ಆ ಊರು ದಕ್ಷಿಣ ಜರ್ಮನಿಯಲ್ಲಿ ನೆಕ್ಕರ್ ನದಿಯ ದಡದಲ್ಲಿರುವ ಟ್ಯೂಬಿಂಗನ್. ಎರಡು ಮೂರು ದಿನಗಳ ಬಿಡುವಿನಲ್ಲಿ ನೋಡಿ ಮುಗಿಸಬಹುದಾದ ಚಿಕ್ಕ ಪಟ್ಟಣವಾದರೂ, ಕನ್ನಡದ ಇತಿಹಾಸವನ್ನು ಬಲ್ಲವರಿಗೆ ಅದು ದೊಡ್ಡ ಕ್ಷೇತ್ರ. ಅಲ್ಲಿಗೆ ಹೋಗಬಯಸುವ ಕನ್ನಡ ಕುಟುಂಬವು ಮೊದಲೇ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಸಂಗ್ರಹಿಸಿದೆ.

ದಂಡಿನಲ್ಲಿ ಆರಂಭ

ಶ್ರೀರಂಗಪಟ್ಟಣದಲ್ಲಿದ್ದ ಆಂಗ್ಲ ಸೈನ್ಯವು ಅಲ್ಲಿನ ಜ್ವರದ ಬಾಧೆಯನ್ನು ತಾಳಲಾರದೆ ಬೆಂಗಳೂರಿಗೆ ಬಂದು ನೆಲೆಸಿದ್ದು 1809ರಲ್ಲಿ. ಹಲಸೂರಿನ ಕೆರೆಯ ಸುತ್ತಮುತ್ತ ಬೆಳೆದ ಆ ಶಿಬಿರವೇ ಕ್ರಮೇಣ ಒಂದು ನಗರವಾಯಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರ ಜುಲೈ ತಿಂಗಳಲ್ಲಿ ಸಂಸ್ಥಾನಕ್ಕೆ ಸೇರಿತು. 1949ರಲ್ಲಿ ಪೇಟೆಯೂ ದಂಡೂ ಕೂಡಿ ಒಂದೇ ನಗರಸಭೆಯಾಯಿತು. ಅಷ್ಟು ಕಾಲ ದಂಡಿನ ಬೀದಿಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದುದು ತಮಿಳು, ಉರ್ದು, ಇಂಗ್ಲಿಷ್ ಭಾಷೆಗಳು. ಕನ್ನಡದ ಕೋಶಕಾರರ ಪ್ರತಿಮೆಯು ಇಂತಹ ಪ್ರದೇಶದಲ್ಲಿಯೇ ಸ್ಥಾಪಿತವಾಗಿರುವುದೂ, ಸಮೀಪದ ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರವೆಂಬ ಹೆಸರು ಬಂದಿರುವುದೂ ಕಾಲದ ವಿಚಿತ್ರಗತಿಯೇ ಸರಿ.

ಆದರೂ ಕನ್ನಡ ವಿದ್ಯೆಗೂ ಬೆಂಗಳೂರಿನ ಪಾದ್ರಿಗಳ ಮುದ್ರಣಾಲಯಕ್ಕೂ ಹಳೆಯ ನಂಟುಂಟು. ವಿಲಿಯಂ ರೀವ್ ಎಂಬವರು ರಚಿಸಿದ್ದ ಕನ್ನಡ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಎಂಬವರು ತಿದ್ದಿ ವಿಸ್ತರಿಸಿದಾಗ, ಅದು 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಅದಕ್ಕೂ ಮೂರು ವರ್ಷ ಮೊದಲು, 1855ರಲ್ಲಿ, ಅದೇ ಮುದ್ರಣಾಲಯದಿಂದ ಕೊಡಗಿನ ವೃತ್ತಾಂತವನ್ನು ಕುರಿತ ಇಂಗ್ಲಿಷ್ ಗ್ರಂಥವೊಂದು ಹೊರಬಿದ್ದಿತು. ಅದರ ಕರ್ತೃಗಳಾದ ಹೆರ್ಮನ್ ಮೋಗ್ಲಿಂಗರು ಟ್ಯೂಬಿಂಗನ್ನಿನಲ್ಲಿ ವ್ಯಾಸಂಗ ಮಾಡಿದವರು. ಹೀಗೆ ನೆಕ್ಕರ್ ತೀರದ ವಿದ್ಯೆಯು ಕಿಟ್ಟೆಲರಿಗಿಂತ ಮೊದಲೇ ಬೆಂಗಳೂರನ್ನು ಮುಟ್ಟಿದ್ದಿತು.

ನದಿಯೂ ನಗರವೂ

ನೆಕ್ಕರ್ ನದಿಯು ಜರ್ಮನಿಯ ಕೃಷ್ಣಾರಣ್ಯವೆಂಬ ಮಲೆನಾಡಿನ ಅಂಚಿನಲ್ಲಿ ಹುಟ್ಟಿ, ಮುನ್ನೂರೈವತ್ತು ಕಿಲೋಮೀಟರುಗಳಿಗೂ ಹೆಚ್ಚು ದೂರ ಹರಿದು, ಮ್ಯಾನ್‌ಹೈಮ್ ಎಂಬಲ್ಲಿ ರೈನ್ ಮಹಾನದಿಯನ್ನು ಕೂಡುವುದು. ಅದರ ಮೇಲ್ಭಾಗದ ದಡದಲ್ಲಿ, ಸ್ಟುಟ್‌ಗಾರ್ಟ್ ನಗರದ ದಕ್ಷಿಣಕ್ಕೆ, ಟ್ಯೂಬಿಂಗನ್ ಇದೆ. ಜನಸಂಖ್ಯೆ ಸುಮಾರು ತೊಂಬತ್ತು ಸಾವಿರ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿರುವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಅನೇಕ ನಗರಗಳು ಬಾಂಬುಗಳಿಂದ ನೆಲಸಮವಾದರೂ ಈ ಪಟ್ಟಣವು ಬಹುಮಟ್ಟಿಗೆ ಅಳಿಯದೆ ಉಳಿದುದರಿಂದ, ಅಲ್ಲಿನ ಹಳೆಯ ಮನೆಗಳು ಮರುನಿರ್ಮಾಣದ ಅನುಕರಣಗಳಲ್ಲ, ಮೂಲವಸ್ತುಗಳೇ ಆಗಿವೆ.

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನದಿಯ ಸೇತುವೆ ಸಿಕ್ಕುವುದು. ಅಲ್ಲಿ ನಿಂತು ಎಡಕ್ಕೆ ನೋಡಿದರೆ, ನೀರಿನ ಅಂಚಿನಿಂದಲೇ ಎದ್ದು ಒಂದಕ್ಕೊಂದು ಭುಜಕೊಟ್ಟು ನಿಂತಿರುವ ಬಣ್ಣಬಣ್ಣದ ಮನೆಗಳ ಸಾಲೂ, ಅವುಗಳ ಹಿಂದೆ ಚರ್ಚಿನ ಶಿಖರವೂ ಕಾಣುವುವು. ನದಿಯ ನಡುವೆ ಉದ್ದವಾದ ದ್ವೀಪವೊಂದುಂಟು. ಅದರ ಮೇಲೆ ಚಿನಾರಿನ ಜಾತಿಯ ಹೆಮ್ಮರಗಳು ಎರಡು ಸಾಲಾಗಿ ಬೆಳೆದಿವೆ. ದ್ವೀಪದ ಬಳಸಿಗೆ ಚಪ್ಪಟೆ ತಳದ ಉದ್ದನೆಯ ದೋಣಿಗಳು ಓಡಾಡುವುವು. ಅವಕ್ಕೆ ಯಂತ್ರವಿಲ್ಲ. ಹಿಂತುದಿಯಲ್ಲಿ ನಿಂತ ವಿದ್ಯಾರ್ಥಿಯೊಬ್ಬನು ನೀಳವಾದ ಗಳುವನ್ನು ನದಿಯ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕುವನು. ಕಾವೇರಿಯಲ್ಲಿ ಹರಿಗೋಲಿನವರನ್ನು ಕಂಡಿರುವವರಿಗೆ ಈ ದೃಶ್ಯವು ಅಪರಿಚಿತವೆನಿಸದು.

ವಿಶ್ವವಿದ್ಯಾನಿಲಯವನ್ನು 1477ರಲ್ಲಿ ಎಬರ್ಹಾರ್ಡ್ ಎಂಬ ಪ್ರಭುವು ಸ್ಥಾಪಿಸಿದನು. ಆಗ ಕನ್ನಡನಾಡಿನಲ್ಲಿ ವಿಜಯನಗರದ ಸಂಗಮ ವಂಶವು ತನ್ನ ಕಡೆಯ ದಿನಗಳಲ್ಲಿದ್ದಿತು. ಕೆಂಪೇಗೌಡನು ಬೆಂಗಳೂರಿಗೆ ಕೋಟೆಯನ್ನು ಕಟ್ಟುವುದಕ್ಕೆ ಇನ್ನೂ ಎರಡು ತಲೆಮಾರು ಕಳೆಯಬೇಕಾಗಿದ್ದಿತು. ಪೇಟೆಯ ಚೌಕದಲ್ಲಿರುವ ಪುರಭವನವು ವಿಶ್ವವಿದ್ಯಾನಿಲಯಕ್ಕಿಂತಲೂ ಹಳೆಯದು, 1435ರಲ್ಲಿ ಕಟ್ಟಿದುದು. ಅದರ ಮುಂಭಾಗದ ಖಗೋಳ ಗಡಿಯಾರವು 1511ರ ರಚನೆ. ಪಂಚಾಂಗವನ್ನು ಬಲ್ಲ ಹಿರಿಯರು ಸೂರ್ಯಚಂದ್ರರ ಗತಿಯನ್ನು ತೋರಿಸುವ ಆ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಇರಲಾರರು.

1536ರಲ್ಲಿ ಸ್ಥಾಪಿತವಾದ ದೈವಶಾಸ್ತ್ರದ ವಿದ್ಯಾರ್ಥಿನಿಲಯವೊಂದು ಇಂದಿಗೂ ನಡೆಯುತ್ತಿದೆ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು 1589ರಲ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದನು. 1790ರ ಸುಮಾರಿಗೆ ತತ್ತ್ವಜ್ಞರಾದ ಹೆಗೆಲ್, ಶೆಲ್ಲಿಂಗ್ ಇವರೂ ಕವಿ ಹೋಲ್ಡರ್ಲಿನ್ನನೂ ಅಲ್ಲಿ ಸಹವಾಸಿಗಳಾಗಿದ್ದರು. ಈ ಕವಿಯ ಉತ್ತರಕಾಲವು ಕರುಣಾಜನಕವಾದುದು. ಮತಿಭ್ರಮಣೆಯಾಗಿದ್ದ ಅವನನ್ನು 1807ರಲ್ಲಿ ಬಡಗಿಯೊಬ್ಬನು ನದಿಯ ದಡದ ತನ್ನ ಮನೆಗೆ ಕರೆತಂದು ಆಶ್ರಯವಿತ್ತನು. ಅಲ್ಲಿಯೇ ಮೂವತ್ತಾರು ವರ್ಷಗಳನ್ನು ಕಳೆದು ಕವಿಯು 1843ರಲ್ಲಿ ತೀರಿಕೊಂಡನು. ಆ ಹಳದಿ ಬಣ್ಣದ ದುಂಡು ಗೋಪುರವು ಈಗ ವಸ್ತುಸಂಗ್ರಹಾಲಯ. ಪ್ರವಾಸಿಗಳೆಲ್ಲರೂ ಅದರ ಚಿತ್ರವನ್ನು ತೆಗೆದುಕೊಳ್ಳುವರು. ಆ ಬಡಗಿಯ ಕುಟುಂಬದವರು ಮಾಡಿದ ಸೇವೆಯನ್ನು ನೆನೆಯುವವರು ಸ್ವಲ್ಪ ಮಂದಿ.

ಕವಿಯು ತೀರಿಕೊಂಡ ಆ 1843ನೆಯ ವರ್ಷವೇ ಕನ್ನಡಕ್ಕೂ ಸ್ಮರಣೀಯವಾದುದು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆ ಹೊರಟಿತು. ಅದನ್ನು ಹೊರಡಿಸಿದವರು ಟ್ಯೂಬಿಂಗನ್ನಿನ ಹಳೆಯ ವಿದ್ಯಾರ್ಥಿ ಮೋಗ್ಲಿಂಗರು.

ಮೋಗ್ಲಿಂಗರೂ ಗುಂಡರ್ಟರೂ

ಹೆರ್ಮನ್ ಮೋಗ್ಲಿಂಗರು ಹುಟ್ಟಿದುದು 1811ರಲ್ಲಿ, ನೆಕ್ಕರ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರವನ್ನಭ್ಯಸಿಸಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಈ ಸಂಸ್ಥೆಯು 1815ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದುದು. ರೈನ್ ನದಿಯ ದಡದಲ್ಲಿರುವ ಆ ನಗರವು ಹಿಂದಿನಿಂದಲೂ ಮುದ್ರಣಕಲೆಗೆ ಹೆಸರಾದುದು. ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಅಲ್ಲಿಂದಲೇ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹದಿನೈದು ದಿನಗಳಿಗೊಮ್ಮೆ ಹೊರಬೀಳುತ್ತಿದ್ದಿತು. ಮರುವರ್ಷ ಅದು ಬಳ್ಳಾರಿಯಲ್ಲಿ ಮುದ್ರಿತವಾಗತೊಡಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಿರುವುದು ಈ ಕಾರಣದಿಂದಲೇ.

ಪತ್ರಿಕೆಗಿಂತಲೂ ಹೆಚ್ಚಿನ ಕಾರ್ಯವೆಂದರೆ, 1848ರಿಂದ 1853ರ ವರೆಗೆ ಅವರು ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಪ್ರಾಚೀನ ಕಾವ್ಯಮಾಲೆ. ಕುಮಾರವ್ಯಾಸನ ಭಾರತ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವು ಅದರಲ್ಲಿ ಅಚ್ಚಾದುವು. ಮದರಾಸು ಸರಕಾರದ ನ್ಯಾಯಾಧೀಶರಾಗಿದ್ದು ನೀಲಗಿರಿಯಲ್ಲಿ ವಿಶ್ರಾಂತಿಯಲ್ಲಿದ್ದ ಕ್ಯಾಸಮೇಜರ್ ಎಂಬವರು ಇದಕ್ಕೆ ಹಣವನ್ನು ಒದಗಿಸಿದರು. ವೈಷ್ಣವ ದಾಸರ ಹಾಡುಗಳನ್ನೂ ವೀರಶೈವ ಪುರಾಣವನ್ನೂ ಕ್ರೈಸ್ತ ಪಾದ್ರಿಯೊಬ್ಬರು ಶ್ರದ್ಧೆಯಿಂದ ಸಂಪಾದಿಸಿ ಅಚ್ಚಿಗೆ ಕೊಟ್ಟರೆಂಬುದು ಯೋಚಿಸತಕ್ಕ ವಿಷಯ. ಓಲೆಗರಿಗಳಲ್ಲಿದ್ದ ಕಾವ್ಯಗಳು ಪುಸ್ತಕಗಳಾಗಿ ಶಾಲೆಗಳಿಗೂ ಮನೆಗಳಿಗೂ ಬರುವ ಮಾರ್ಗವು ಹೀಗೆ ತೆರೆಯಿತು. ಈ ವಿದ್ವತ್ಕಾರ್ಯವನ್ನು ಮನ್ನಿಸಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಅವರು 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಅದೇ ನದಿಯ ದಡದ ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು.

ಮೋಗ್ಲಿಂಗರ ಗೆಳೆಯರೂ ಟ್ಯೂಬಿಂಗನ್ನಿನಲ್ಲಿಯೇ ಓದಿದವರೂ ಆದ ಹೆರ್ಮನ್ ಗುಂಡರ್ಟರು ತಲಶ್ಶೇರಿಯಲ್ಲಿ ನೆಲೆಸಿ, ಮಲಯಾಳ ಭಾಷೆಯ ವ್ಯಾಕರಣ ನಿಘಂಟುಗಳನ್ನು ರಚಿಸಿದರು. ಅವರ ನಿಘಂಟು 1872ರಲ್ಲಿ ಪ್ರಕಟವಾಯಿತು. ಅವರ ಮಗಳ ಮಗನೇ ‘ಸಿದ್ಧಾರ್ಥ’ ಕಾದಂಬರಿಯನ್ನು ಬರೆದ ಹೆರ್ಮನ್ ಹೆಸ್ಸೆ. ಈ ಮೊಮ್ಮಗನು 1895ರಿಂದ 1899ರ ವರೆಗೆ ಟ್ಯೂಬಿಂಗನ್ನಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದನು. ದೊಡ್ಡ ಚರ್ಚಿನ ಎದುರಿಗಿರುವ ಆ ಸ್ಥಳವನ್ನು ಈಗಲೂ ನೋಡಬಹುದು. ಗುಂಡರ್ಟರ ಪತ್ರಗಳೂ ಹಸ್ತಪ್ರತಿಗಳೂ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. 2015ರಲ್ಲಿ ಅಲ್ಲಿ ಗುಂಡರ್ಟರ ಹೆಸರಿನಲ್ಲಿ ಮಲಯಾಳ ಭಾಷೆಯ ಪೀಠವು ಸ್ಥಾಪಿತವಾಯಿತು. 2018ರಲ್ಲಿ ಆ ಸಂಗ್ರಹವನ್ನು ಅಂತರ್ಜಾಲದ ಮೂಲಕ ಲೋಕಕ್ಕೆಲ್ಲ ತೆರೆದರು. ನೆರೆನಾಡಿನವರು ತಮ್ಮ ನಂಟನ್ನು ಹೀಗೆ ಜಾಗರೂಕತೆಯಿಂದ ಕಾಪಾಡಿಕೊಂಡಿರುವುದನ್ನು ಕಂಡಾಗ, ಅದೇ ಊರಿನಿಂದ ಎರಡು ರತ್ನಗಳನ್ನು ಪಡೆದ ಕನ್ನಡಿಗರು ತಮ್ಮ ಪಾಲಿನ ಕರ್ತವ್ಯವೇನೆಂದು ಯೋಚಿಸುವುದು ಉಚಿತ.

ಸಂಸ್ಕೃತದ ನೆಲೆ

ಟ್ಯೂಬಿಂಗನ್ನಿನಲ್ಲಿ ಸಂಸ್ಕೃತಜ್ಞರೂ ನಿಂತು ನೋಡಬೇಕಾದ ಸ್ಥಳವುಂಟು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ರುಡೋಲ್ಫ್ ರೋಥ್ ಎಂಬ ಪ್ರಾಧ್ಯಾಪಕರಿದ್ದರು. ಬೋತ್‌ಲಿಂಕ್ ಎಂಬವರೊಡನೆ ಸೇರಿ ಅವರು ರಚಿಸಿದ ಏಳು ಸಂಪುಟಗಳ ಸಂಸ್ಕೃತ ಜರ್ಮನ್ ಮಹಾಕೋಶವು 1855ರಿಂದ 1875ರ ವರೆಗೆ ರಷ್ಯಾದ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು. ವೇದಶಬ್ದಗಳ ಅರ್ಥವನ್ನು ನಿರ್ಣಯಿಸುವುದರಲ್ಲಿ ರೋಥರು ಸಾಯಣಭಾಷ್ಯವನ್ನು ಸಾಕಷ್ಟು ಗೌರವಿಸಲಿಲ್ಲವೆಂಬ ಆಕ್ಷೇಪಣೆಯುಂಟು. ಆದರೆ ಅವರ ಪರಿಶ್ರಮವನ್ನು ಅಲ್ಲಗಳೆದವರಿಲ್ಲ. ಅಥರ್ವವೇದದ ಪೈಪ್ಪಲಾದ ಶಾಖೆಯ, ಭೂರ್ಜಪತ್ರದ ಮೇಲೆ ಶಾರದಾಲಿಪಿಯಲ್ಲಿ ಬರೆದ ಅಪೂರ್ವ ಪ್ರತಿಯೊಂದು 1870ರ ದಶಕದಲ್ಲಿ ಕಾಶ್ಮೀರದಿಂದ ಅವರ ಕೈಸೇರಿ, ಆ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಬಂದಿತು. 1901ರಲ್ಲಿ ಅದರ ಛಾಯಾಪ್ರತಿಯನ್ನು ಪ್ರಕಟಿಸಿದ್ದರಿಂದ ಲೋಕದ ವಿದ್ವಾಂಸರಿಗೆಲ್ಲ ಆ ಪಾಠವು ಲಭ್ಯವಾಯಿತು.

ಸಂಸ್ಕೃತಕೋಶದ ಈ ಮಹಾಕಾರ್ಯವು ನಡೆಯುತ್ತಿದ್ದಾಗಲೇ ಕನ್ನಡನಾಡಿನಿಂದ ಅದಕ್ಕೆ ಸಂಬಂಧಿಸಿದ ಪ್ರಶ್ನೆಯೊಂದು ಹೊರಟಿತು. ಸಂಸ್ಕೃತದ ಕೋಶಗಳಲ್ಲಿರುವ ಶಬ್ದಗಳೆಲ್ಲವೂ ಸಂಸ್ಕೃತಮೂಲದವುಗಳೇ, ಅಥವಾ ಅವುಗಳಲ್ಲಿ ಕೆಲವು ದ್ರಾವಿಡ ಭಾಷೆಗಳಿಂದ ಹೋದುವೇ ಎಂಬುದು ಆ ಪ್ರಶ್ನೆ. ಇದನ್ನು ಕುರಿತು 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಸಂಶೋಧನ ಪತ್ರಿಕೆಯಲ್ಲಿ ಲೇಖನವನ್ನು ಬರೆದವರೇ ಕಿಟ್ಟೆಲರು.

ಕಿಟ್ಟೆಲರ ಪರಿಶ್ರಮ

ಫರ್ಡಿನಂಡ್ ಕಿಟ್ಟೆಲರು ಟ್ಯೂಬಿಂಗನ್ನಿನಲ್ಲಿ ಹುಟ್ಟಿದವರಲ್ಲ. ಜರ್ಮನಿಯ ಉತ್ತರದ ಅಂಚಿನಲ್ಲಿ, ಸಮುದ್ರಕ್ಕೆ ಸಮೀಪವಾದ ಫ್ರೀಸ್‌ಲಂಡ್ ಸೀಮೆಯ ಚಿಕ್ಕ ಹಳ್ಳಿಯಲ್ಲಿ 1832ರ ಏಪ್ರಿಲ್ 7ರಂದು ಜನಿಸಿದರು. ತಂದೆ ಪಾದ್ರಿ. ಬಾಸೆಲ್ಲಿನ ಮಿಷನ್ ಪಾಠಶಾಲೆಯಲ್ಲಿ ಓದಿ, 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಅವರು ಬಂದುದು ಕ್ರೈಸ್ತಮತವನ್ನು ಬೋಧಿಸುವುದಕ್ಕೆಂಬುದನ್ನು ಮರೆಮಾಚಬೇಕಾದುದಿಲ್ಲ, ಅವರೂ ಮರೆಮಾಚಲಿಲ್ಲ. ಆದರೆ ಜನರ ಮನಸ್ಸನ್ನು ಮುಟ್ಟಬೇಕಾದರೆ ಜನರ ನುಡಿಯನ್ನು ಬೇರುಸಹಿತವಾಗಿ ತಿಳಿಯಬೇಕೆಂದು ಅವರು ನಂಬಿದ್ದರು. 1862ರಲ್ಲಿ ಪ್ರಕಟವಾದ ಅವರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ್ದಾರೆ. ಹೀಗೆ ಭಾಷೆಯ ಅಭ್ಯಾಸದಲ್ಲಿ ಮುಳುಗಿದುದು ಮತಬೋಧೆಗೆ ವಿಘ್ನವೆಂದು ಮಿಷನ್ನಿನ ಹಿರಿಯರಲ್ಲಿ ಕೆಲವರು ಭಾವಿಸಿದುದೂ ಉಂಟು.

ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಅವರು ಸಂಪಾದಿಸಿ ಪ್ರಕಟಿಸಿದರು. ಹಳಗನ್ನಡದ ಕಟ್ಟಡಕ್ಕೆ ಇವೆರಡೂ ಆಧಾರಸ್ತಂಭಗಳು. ಕೋಶದ ಕೆಲಸವು ಅದಕ್ಕಿಂತಲೂ ದೊಡ್ಡದಾಗಿದ್ದಿತು. 1877ರಲ್ಲಿ ಸ್ವದೇಶಕ್ಕೆ ಮರಳಿದರೂ, ಕೋಶವನ್ನು ಮುಗಿಸಬೇಕೆಂದು 1883ರಲ್ಲಿ ಮತ್ತೆ ಬಂದರು. ಶರೀರವು ಸೋತು 1892ರಲ್ಲಿ ಕಡೆಯದಾಗಿ ಹಿಂದಿರುಗಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಆ ಗ್ರಂಥದಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಪುಟಗಳು 1,700ಕ್ಕೂ ಹೆಚ್ಚು.

ಆ ಪುಟಗಳನ್ನು ತೆರೆದರೆ ಕಾಣುವುದು ಬರಿಯ ಅರ್ಥಗಳ ಪಟ್ಟಿಯಲ್ಲ. ಬಳಕೆಯಿಂದ ಬಿಟ್ಟುಹೋದ ಱ, ೞ ಅಕ್ಷರಗಳನ್ನು ಉಳಿಸಿಕೊಂಡು ಹಳಗನ್ನಡದ ರೂಪವನ್ನು ತೋರಿಸಿದೆ. ತತ್ಸಮ ತದ್ಭವಗಳನ್ನು ವಿಂಗಡಿಸಿದೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಜಾತೀಯ ಶಬ್ದಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಕವಿಗಳ ಪ್ರಯೋಗದ ಜೊತೆಯಲ್ಲಿಯೇ ಹಳ್ಳಿಗರ ಗಾದೆಗಳನ್ನೂ ಆಧಾರವಾಗಿ ಕೊಟ್ಟಿದೆ. ಪಂಡಿತರ ಮಾತಿಗೂ ಪಾಮರರ ಮಾತಿಗೂ ಒಂದೇ ಪಂಕ್ತಿಯಲ್ಲಿ ಸ್ಥಾನವಿತ್ತ ಈ ಕ್ರಮವು ಆ ಕಾಲಕ್ಕೆ ಹೊಸದು. ಸಂಸ್ಕೃತಕ್ಕೆ ದ್ರಾವಿಡದಿಂದ ಹೋಗಿರಬಹುದೆಂದು ಅವರು ಊಹಿಸಿದ ನಾನೂರರಷ್ಟು ಶಬ್ದಗಳ ಪಟ್ಟಿಯೂ ಪೀಠಿಕೆಯಲ್ಲಿದೆ. ಅವುಗಳಲ್ಲಿ ಎಲ್ಲವನ್ನೂ ಮುಂದಿನ ವಿದ್ವಾಂಸರು ಒಪ್ಪಿಲ್ಲ. ಆದರೆ ಪಾಠಶಾಲೆಯ ಗುರುಗಳು ಅಲ್ಲಿಯ ವರೆಗೆ ಕೇಳದೆ ಇದ್ದ ಪ್ರಶ್ನೆಯನ್ನು ಅವರು ಕೇಳಿದರು, ಅದಕ್ಕೆ ಸಾಧನಸಾಮಗ್ರಿಯನ್ನೂ ಒದಗಿಸಿದರು.

ಇಷ್ಟು ದೊಡ್ಡ ಕಾರ್ಯವನ್ನು ಒಬ್ಬರೇ ಮಾಡಿದರೆಂದು ತಿಳಿಯುವುದು ಸರಿಯಲ್ಲ. ಶಬ್ದಗಳನ್ನು ಹೇಳಿಕೊಟ್ಟ, ಓಲೆಗರಿಗಳನ್ನು ಓದಿ ಅರ್ಥ ವಿವರಿಸಿದ ದೇಶೀಯ ಪಂಡಿತರ ಸಹಾಯವನ್ನು ಕಿಟ್ಟೆಲರೇ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಗಾದೆಗಳನ್ನು ಹೇಳಿದ ರೈತರಿಗೂ ಹೆಂಗಸರಿಗೂ ಯಾವ ಪೀಠಿಕೆಯಲ್ಲಿಯೂ ಹೆಸರಿಲ್ಲ. ಹೋಲ್ಡರ್ಲಿನ್ನನನ್ನು ಕಾಪಾಡಿದ ಬಡಗಿಯಂತ, ಇವರೂ ಪ್ರತಿಮೆಯ ಹಿಂದೆ ನಿಂತಿರುವ ಜನರು. ಮೇಯೋ ಹಾಲಿನ ಬಳಿ ನಮಸ್ಕರಿಸುವವರು ಇವರನ್ನೂ ಸೇರಿಸಿಯೇ ನಮಸ್ಕರಿಸಬೇಕು.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅದೇ ವರ್ಷ ಗುಂಡರ್ಟರ ಮೊಮ್ಮಗನು ಅದೇ ಊರಿನಲ್ಲಿ ಪುಸ್ತಕಗಳ ಧೂಳನ್ನು ಒರಸುತ್ತಿದ್ದನು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಮೂರು ರೂಪಗಳನ್ನೂ ವಿವರಿಸುವ ಕಿಟ್ಟೆಲರ ವ್ಯಾಕರಣವು ಮಂಗಳೂರಿನಲ್ಲಿ ಪ್ರಕಟವಾಯಿತು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿಯೇ ಅವರು ಟ್ಯೂಬಿಂಗನ್ನಿನಲ್ಲಿ ನಿಧನರಾದರು. ಕನ್ನಡ ಮಾತು ಕಿವಿಗೆ ಬೀಳದ ನಾಡಿನಲ್ಲಿದ್ದುಕೊಂಡು ಎಪ್ಪತ್ತು ವರ್ಷ ದಾಟಿದ ವೃದ್ಧರೊಬ್ಬರು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಲೆಕ್ಕಹಾಕುತ್ತಿದ್ದರೆಂಬುದನ್ನು ನೆನೆದರೆ, ನೆಕ್ಕರ್ ದಡದ ಆ ಇಕ್ಕಟ್ಟಾದ ಬೀದಿಗಳು ಬೇರೆಯಾಗಿಯೇ ಕಾಣುವುವು.

ಯಾತ್ರೆಯ ಕ್ರಮ

ಇನ್ನು ಲೌಕಿಕ ವ್ಯವಸ್ಥೆಯ ವಿಷಯ. ಮೇ ತಿಂಗಳಿಂದ ಸೆಪ್ಟೆಂಬರ್ ವರೆಗಿನ ಕಾಲವು ಅನುಕೂಲ; ಆಗ ಹಗಲು ದೀರ್ಘ, ದೋಣಿಗಳೂ ನದಿಯಲ್ಲಿರುವುವು. ಪ್ರವೇಶದ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಗಳಿಗಿಂತ ಕಡಮೆ ಅವಕಾಶವನ್ನು ಉಳಿಸಿಕೊಳ್ಳಬಾರದು. 30,000 ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು. ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಋಗ್ವೇದವನ್ನು ಅಚ್ಚುಹಾಕಿಸಿದ ಪಂಡಿತನ ಹೆಸರಿನ ಆ ಸಂಸ್ಥೆಯಲ್ಲಿ ಜರ್ಮನ್ ಭಾಷೆಯನ್ನು ಕಲಿಸುವರು. ಮನೆಯ ಮಕ್ಕಳಲ್ಲಿ ಒಬ್ಬರಾದರೂ ಕೆಲವು ತಿಂಗಳು ಮುಂಚಿತವಾಗಿ ನಾಲ್ಕು ಮಾತು ಕಲಿತರೆ ದಾರಿಯಲ್ಲಿ ಉಪಕಾರವಾಗುವುದು. ಪರಭಾಷೆಯನ್ನು ಕಲಿಯುವ ಕಷ್ಟವೇನೆಂಬುದೂ, ಕಿಟ್ಟೆಲರು ಪಟ್ಟ ಪಾಡೆಂತಹದೆಂಬುದೂ ತಿಳಿಯುವುದು.

ವಿಮಾನವು ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವುದು. ಅಲ್ಲಿಂದ ವೇಗದ ರೈಲಿನಲ್ಲಿ ಸ್ಟುಟ್‌ಗಾರ್ಟ್ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿಂದ ಟ್ಯೂಬಿಂಗನ್ ಒಂದು ಗಂಟೆಯದು. ಮೊದಲನೆಯ ದಿನ ಬಳಲಿಕೆಯಿರುವುದರಿಂದ ಸೇತುವೆ, ದ್ವೀಪ, ದೋಣಿವಿಹಾರ ಇಷ್ಟಕ್ಕೇ ತೃಪ್ತರಾಗುವುದು ಲೇಸು. ಎರಡನೆಯ ದಿನ ಬೆಳಗ್ಗೆ ಪುರಭವನ, ದೊಡ್ಡ ಚರ್ಚು, ಹೆಸ್ಸೆ ದುಡಿದ ಅಂಗಡಿಯ ಸ್ಥಳ, ಕವಿಯ ಗೋಪುರ. ಮಧ್ಯಾಹ್ನ ಬೆಟ್ಟದ ಮೇಲಿನ ಕೋಟೆ. ಕೋಟೆಯಲ್ಲಿ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯವಿದೆ. ಸುಮಾರು ನಲವತ್ತು ಸಾವಿರ ವರ್ಷಗಳಷ್ಟು ಹಿಂದೆ ಗುಹಾವಾಸಿಗಳು ಆನೆಯ ಜಾತಿಯ ಪ್ರಾಣಿಯ ದಂತದಲ್ಲಿ ಕೆತ್ತಿದ ಅಂಗೈಗಿಂತಲೂ ಚಿಕ್ಕ ಕುದುರೆಯು ಅಲ್ಲಿದೆ. ಅದೇ ಕೋಟೆಯ ಹಳೆಯ ಅಡಿಗೆಮನೆಯಲ್ಲಿ 1869ರಲ್ಲಿ ಮೀಷರ್ ಎಂಬ ವಿಜ್ಞಾನಿಯು, ಇಂದು ಡಿ.ಎನ್.ಎ. ಎಂದು ಪ್ರಸಿದ್ಧವಾಗಿರುವ ವಸ್ತುವನ್ನು ಮೊದಲು ಬೇರ್ಪಡಿಸಿದನು. ಮೂರನೆಯ ದಿನ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡಗಳನ್ನು ನೋಡಿ, ಹಿಂದಿರುಗುವ ದಾರಿಯಲ್ಲಿ ಎಸ್ಲಿಂಗನ್ನಿನಲ್ಲಿ ಇಳಿದು ಮೋಗ್ಲಿಂಗರನ್ನು ಸ್ಮರಿಸಬಹುದು. ರೈಲಿನ ದಾರಿಯು ಆ ಊರಿನ ಮೂಲಕವೇ ಇದೆ. ಹಸ್ತಪ್ರತಿಗಳನ್ನು ನೋಡಬಯಸುವವರು ಗ್ರಂಥಾಲಯಕ್ಕೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು.

ಕೆಲವು ಎಚ್ಚರಿಕೆಗಳುಂಟು. ಹಳೆಯ ಪೇಟೆಯ ಬೀದಿಗಳು ಕಲ್ಲುಹಾಸಿನವು, ಏರಿಳಿತದವು. ಮಂಡಿನೋವಿರುವ ಹಿರಿಯರಿಗೆ ಗಟ್ಟಿಯಾದ ಪಾದರಕ್ಷೆಯೂ ಊರುಗೋಲೂ ಇರಬೇಕು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಬೇಕಾದುದನ್ನು ಶನಿವಾರವೇ ಕೊಂಡಿಡಬೇಕು. ಶಾಕಾಹಾರಿಗಳು ಆ ಸೀಮೆಯ ಪ್ರಸಿದ್ಧವಾದ ಮೌಲ್‌ಟಾಶೆ ಎಂಬ ಕಡುಬನ್ನು ವಿಚಾರಿಸದೆ ತಿನ್ನಬಾರದು. ಅದರೊಳಗೆ ಸಾಮಾನ್ಯವಾಗಿ ಮಾಂಸವಿರುವುದು. ಸ್ಪೆಟ್ಸ್ಲೆ ಎಂಬ ಶಾವಿಗೆಯಂತಹ ತಿನಿಸಿನ ಹಿಟ್ಟಿಗೆ ಮೊಟ್ಟೆಯನ್ನು ಬೆರಸುವರು. ರೊಟ್ಟಿ, ಆಲೂಗಡ್ಡೆ, ಸೊಪ್ಪುತರಕಾರಿಗಳಿಗೆ ಕೊರತೆಯಿಲ್ಲ. ಜೊತೆಯಲ್ಲಿ ಚಟ್ಟಿಪುಡಿಯ ಡಬ್ಬಿಯೊಂದಿದ್ದರೆ ಚಿಂತೆಯೇ ಇಲ್ಲ.

ಉಪಸಂಹಾರ

ಇಷ್ಟೆಲ್ಲ ಸಿದ್ಧತೆಗಳಲ್ಲಿ ಅತ್ಯಂತ ಅಗತ್ಯವಾದುದಕ್ಕೆ ಹಣವೇನೂ ಬೇಡ. ಕಿಟ್ಟೆಲರ ಕೋಶವು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವುದು. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯವು 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ಆವೃತ್ತಿಯೂ ಗ್ರಂಥಾಲಯಗಳಲ್ಲಿದೆ. ಹೊರಡುವುದಕ್ಕೆ ಒಂದು ತಿಂಗಳು ಮೊದಲಿನಿಂದ, ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳು ಆ ಕೋಶದಿಂದ ದಿನಕ್ಕೊಂದು ಶಬ್ದವನ್ನು ಹುಡುಕಿ ಓದಲಿ. ಅಜ್ಜ ಅಜ್ಜಿಯರು ತಮ್ಮ ಊರಿನಲ್ಲಿ ಆ ಶಬ್ದವನ್ನು ಹೇಗೆ ಬಳಸುತ್ತಿದ್ದರೆಂಬುದನ್ನು ಹೇಳಲಿ. ದಂಡಿನ ಪ್ರದೇಶದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕನ್ನಡವನ್ನು ಮಾತನಾಡಲು ಬರುವುದು, ಓದಲು ಬಾರದು. ಅಂತಹ ಮಕ್ಕಳು ನೆಕ್ಕರ್ ದಡದಲ್ಲಿ ನಿಂತಾಗ, ಈ ಊರಿನಲ್ಲಿ ತೀರಿಕೊಂಡ ಪರದೇಶಿಯೊಬ್ಬರು ತಮ್ಮ ಅಜ್ಜಿಯ ಗಾದೆಯನ್ನು ಓದಿ ಬರೆದಿಟ್ಟರಲ್ಲ, ತಮಗೇಕೆ ಅದನ್ನು ಓದಲು ಬರುವುದಿಲ್ಲವೆಂದು ಒಮ್ಮೆಯಾದರೂ ಕೇಳಿಕೊಂಡರೆ, ಪ್ರಯಾಣಕ್ಕೆ ವೆಚ್ಚಮಾಡಿದ ಹಣವು ಸಾರ್ಥಕವಾದಂತೆಯೇ.

ಹಿಂದಿರುಗಿ ಬಂದ ಮೇಲೆ ಒಂದು ಸಂಜೆ ಮನೆಯವರೆಲ್ಲರೂ ಮೇಯೋ ಹಾಲಿನ ಬಳಿಗೆ ಹೋಗಿಬರಲಿ. ಹಲಸೂರಿನಿಂದ ಅದು ಸ್ವಲ್ಪ ಹೊತ್ತಿನ ದಾರಿ.